ಹಿಟ್ಟಿನ ಡಬ್ಬದ ಹಿಂದಿನ ಬಿರುಕು

ಮಹಾನಂದಾ ಮೂರನೇ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಹಿಂದಿನ ಗೋಡೆಗೆ ನೇತುಹಾಕಿದ್ದ ಮೀಟರಿನ ಅಂಕಿ ಏರಿತು. ಹಿಟ್ಟಿನ ಕೈ ಹಾಗೇ ನಿಂತಿತು.

ಗೋಡೆಯ ಬಿರುಕಿನ ಮೇಲೆ ಅವಳೇ ಒಂದು ಕಪ್ಪು ಪಟ್ಟಿ ಅಂಟಿಸಿ, ಅದರಿಂದ ಮೀಟರಿಗೆ ತಂತಿ ಎಳೆದಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬಿನಲ್ಲಿ ಮಿಕ್ಕ ಚೂರು. ಇಂಗಾಲ ಬೆರೆಸಿದ್ದು, ಕರೆಂಟು ಹರಿಯುತ್ತದೆ. ಸೀಳಿದರೆ ಕರೆಂಟಿನ ದಾರಿ ಕಿರಿದಾಗಿ ಅಂಕಿ ಏರುತ್ತದೆ. ಇಂಥ ಹಾಳೆಯಲ್ಲಿ ಬಿರುಕು ಹೇಗೆ ಬೆಳೆಯುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಬೆಳೆಸಿ ನೋಡುವುದು ಅವಳ ನೌಕರಿ.

ಪಕ್ಕದ ಸೈಟಿನಲ್ಲಿ ನರಸಪ್ಪ ಎರಡು ತಿಂಗಳಿಂದ ಪೀಜಿ ಹಾಸ್ಟೆಲ್ ಕಟ್ಟಲು ಗುಂಡಿ ತೋಡಿಸುತ್ತಿದ್ದ. ಅದರಿಂದಲೇ ಗೋಡೆ ಬಿರಿಯುತ್ತಿದೆಯೆಂದು ಕೆಳಗಿನ ಮನೆಯ ಓನರ್ ವೆಂಕಟಮ್ಮನ ಜಗಳ. ಬಿರುಕು ಬೆಳೆಯುವುದು ಖಚಿತವಾದರೆ ಗುಂಡಿ ನಿಲ್ಲಬೇಕು, ಮಹಾನಂದಾ ಬಾಡಿಗೆಗಿದ್ದ ಮೇಲಿನ ಮನೆ ಖಾಲಿಯಾಗಬೇಕು. ಅವಳಿಗೆ ಬೇಡವಾಗಿದ್ದು ಅದೇ. ಈ ಮೂಲೆಯಲ್ಲಿ ಅವ್ವ ಏಳು ವರ್ಷ ರೊಟ್ಟಿ ಬಡಿದಿದ್ದಳು. ಹೋದ ಚಳಿಗಾಲದಲ್ಲಿ ಅವ್ವ ಹೋದಳು; ಹಿಟ್ಟಿನ ಡಬ್ಬ ಅವಳಿಟ್ಟಲ್ಲೇ ಇತ್ತು.

ರೊಟ್ಟಿಗೆಂದು ಮೇಲೆ ಬಂದ ವೆಂಕಟಮ್ಮ ಅಂಕಿ ನೋಡಿದ್ದೇ ಕಿಟಕಿಗೆ ಹಾರಿ, ತರಕಾರಿ ಗಾಡಿಯ ಮೈಕಿನಂತೆ ಕೂಗಿದಳು: "ಏ ನರಸಪ್ಪಾ, ಬಾರೋ ಮ್ಯಾಕೆ! ನಿನ್ ಗುಂಡಿ ನಮ್ ಗೋಡೆ ನುಂಗ್ತಾ ಐತೆ!"

ನರಸಪ್ಪ ಹೆಲ್ಮೆಟ್ಟಿನಲ್ಲೇ ಬಂದ. "ಇವತ್ತು ಜೆಸಿಬಿನೇ ಬಂದಿಲ್ಲ ಕಣಕ್ಕ. ಗುಂಡಿ ಮಲಗೈತೆ." ಅವನ ಕಣ್ಣು ರೊಟ್ಟಿಯ ಮೇಲೆ ಬಿತ್ತು. "ಮೇಡಂ, ಒಂದ್ಸಲ ಬಡೀರಿ ನೋಡಾಣ."

ಬಡಿದಳು. ಅಂಕಿ ಏರಿತು.

"ನೋಡ್ದ್ಯಾ ಅಕ್ಕ!" ನರಸಪ್ಪ ಕುಣಿದ. "ತಾಯಿ ಮಗಳು ಗುದ್ದಿ ಗುದ್ದಿ ಗೋಡೆ ಸೀಳವ್ರೆ! ಮುದ್ದೆ ತಿಂದಿದ್ರೆ ಇಂಗಾಗ್ತಿತ್ತಾ?"

ದಿನಾ ಎರಡು ರೊಟ್ಟಿ ಒಯ್ಯುತ್ತಿದ್ದ ವೆಂಕಟಮ್ಮ ಕಂಗಾಲಾದಳು. "ಮೆತ್ತಗೆ ಬಡಿಯಮ್ಮ, ಮಗೀನ ತಟ್ಟಿದಂಗೆ."

ಮೆತ್ತಗೆ ಬಡಿದಳು. ಅಂಕಿ ಏರಿತು. ಕೈ ಕಟ್ಟಿ ನಿಂತಳು. ಆಗಲೂ ಏರಿತು. ಬರೀ ತವಾ ಹೊಗೆಯಾಡುತ್ತಿತ್ತು.

ಮಹಾನಂದಾ ಒಲೆ ಆರಿಸಿದಳು. ಅಂಕಿ ಮೆಲ್ಲಗೆ ಇಳಿಯಿತು.

"ಪಟ್ಟಿ ಬಿಸಿಗೆ ಏರ್ತೈತ್ರೀ, ಬಿರುಕಿಗಲ್ಲ," ಅಂದಳು, ಕಿವಿ ಕೆಂಪಾಗಿ. ಅವಳ ಕಂಪ್ಯೂಟರಿನ ಬಿರುಕುಗಳೆಲ್ಲ ಇಪ್ಪತ್ತೈದು ಡಿಗ್ರಿಯಲ್ಲೇ ಬೆಳೆದವು; ಅಲ್ಲಿ ಯಾರೂ ರೊಟ್ಟಿ ಬೇಯಿಸಿರಲಿಲ್ಲ.

"ನಾಳೆ ಬೆಳಿಗ್ಗೆನೇ ಜೆಸಿಬಿ ಕರೆಸ್ತೀನಿ!" ನರಸಪ್ಪ ಒಂದು ರೊಟ್ಟಿಯನ್ನೂ ಎತ್ತಿಕೊಂಡು ಹೊರಟ. ವೆಂಕಟಮ್ಮ ಮುಖ ಊದಿಸಿಕೊಂಡು ಇಳಿದಳು.

ಮಹಾನಂದಾಳಿಗೆ ಒಳಗೊಳಗೇ ಹಿಗ್ಗು. ಮನೆ ಉಳಿಯಿತು. ಪಟ್ಟಿ ಕಿತ್ತು, ಬಿದ್ದ ಹಿಟ್ಟು ಒರೆಸಲು ಮೊದಲ ಸಲ ಅವ್ವನ ಡಬ್ಬ ಸರಿಸಿದಳು.

ಡಬ್ಬದ ಹಿಂದೆ, ಬಿರುಕಿನುದ್ದಕ್ಕೂ ಕುಂಕುಮದ ಬೊಟ್ಟುಗಳು. ಪ್ರತಿ ದೀಪಾವಳಿಗೆ ಅವ್ವ ಇಲ್ಲಿ ಬಗ್ಗಿ ಬೊಟ್ಟಿಡುವಾಗ ಅವಳು ಭಕ್ತಿ ಎಂದುಕೊಂಡಿದ್ದಳು. ಎಣಿಸಿದಳು: ಏಳು. ಆಯಾ ವರ್ಷ ಬಿರುಕು ಮುಟ್ಟಿದಲ್ಲಿಗೆ ಒಂದೊಂದು. ನಡುವೆ ಉಗುರಿನಷ್ಟು ಅಂತರ. ಕೊನೆಯ ಬೊಟ್ಟು ದಾಟಿ ಬಿರುಕು ನಾಲ್ಕು ಬೆರಳು ಓಡಿತ್ತು. ಸೀಳಿದ ಸುಣ್ಣ ಇನ್ನೂ ಹೊಗೆ ಹಿಡಿಯದೆ ಬೆಳ್ಳಗಿತ್ತು; ಸೀಳು ಗುಂಡಿ ತೋಡಿದ ಮೇಲಿನದು.

"ಮಹಾನಂದಮ್ಮಾ, ನನ್ ಪಾಲಿನ್ ರೊಟ್ಟಿ?" ಕೆಳಗಿನಿಂದ ವೆಂಕಟಮ್ಮ ಕೂಗಿದಳು.

"ತರ್ತೀನ್ರೀ!"

ನಾಳೆ ಜೆಸಿಬಿ ಬರುವ ಮೊದಲೇ ವೆಂಕಟಮ್ಮನನ್ನು ಕರೆದು ಬೊಟ್ಟು ತೋರಿಸಬೇಕು, ಆಮೇಲೆ ಬೇರೆ ಮನೆ ಹುಡುಕಬೇಕು ಎಂದು ಮಹಾನಂದಾ ನಿರ್ಧರಿಸಿದಳು. ಇವತ್ತಿಗೆ ಯಾರಿಗೂ ಹೇಳಲಿಲ್ಲ. ಒಲೆ ಹಚ್ಚಿ, ನಾಲ್ಕನೇ ರೊಟ್ಟಿಯನ್ನು ಅವ್ವ ಬಡಿಯುತ್ತಿದ್ದಷ್ಟೇ ಜೋರಾಗಿ ಬಡಿದಳು.