ಕುಂಯ್ ಅಂದದ್ದೆಲ್ಲ ಬಂಗಾರ ಅಲ್ರಿ

ಸಮುದ್ರವೇ ಇಲ್ಲದ ಧಾರವಾಡದಲ್ಲಿ ಕೂತು, ಸಮುದ್ರದಂಡೆಯ ಮರಳಿನಲ್ಲಿ ಕಳೆದದ್ದನ್ನು ಹುಡುಕುವ ಮೆಟಲ್ ಡಿಟೆಕ್ಟರ್ ಕೊಂಡರೆ ಏನೇನಾಗಬಹುದು ಅಂತ ಯಾರಾದರೂ ಕೇಳಿದರೆ, ನನ್ನನ್ನೇ ನೋಡಿ ಎನ್ನುತ್ತೇನೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಎಲ್ಲರೂ ನನ್ನನ್ನು ಅಕ್ಕಾರು ಅಂತಲೇ ಕರೆಯುತ್ತಾರೆ. ಮೊಬೈಲಿನಲ್ಲಿ ಯಾರೋ ಮರಳಿನೊಳಗಿಂದ ಹಳೆಯ ನಾಣ್ಯ ತೆಗೆಯುವುದನ್ನು ನೋಡಿ ಮನಸ್ಸು ಕೆಟ್ಟಿತು, ಯಂತ್ರ ತರಿಸಿಯೇ ಬಿಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದಿಲ್ಲೊಂದು ನಡೆದೇ ಇದೆ.

೧. ಹಿತ್ತಲಿನ ಅಗೆತ

ಯಂತ್ರ ಅಂದರೆ ಒಂದು ಉದ್ದ ಕೋಲು, ಅದರ ತುದಿಗೆ ಊಟದ ತಾಟಿನಂಥ ಬಿಲ್ಲೆ. ನೆಲದ ಸಮೀಪ ಅತ್ತಿತ್ತ ಆಡಿಸುತ್ತ ನಡೆಯಬೇಕು. ಕೆಳಗೆ ಲೋಹ ಇದ್ದರೆ ಕುಂಯ್ ಎನ್ನುತ್ತದೆ. ಹೊಸಬರು ಮೊದಲು ಮನೆಯ ಹತ್ತಿರವೇ ಕೈ ಪಳಗಿಸಿಕೊಳ್ಳಬೇಕು ಅಂತ ಜೊತೆಗೆ ಬಂದ ಪುಸ್ತಕದಲ್ಲಿತ್ತು. ಸರಿ, ಹಿತ್ತಲಿಗೆ ಹೋದೆ.

ಎರಡು ಹೆಜ್ಜೆ ಇಟ್ಟೆ, ಕುಂಯ್! ಅಗೆದೆ. ಏನೂ ಇಲ್ಲ. ಕರಿಬೇವಿನ ಬುಡದಲ್ಲಿ ಕುಂಯ್, ತೆಂಗಿನ ಬುಡದಲ್ಲಿ ಕುಂಯ್, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಂಯ್. ನಾನು ಎಲ್ಲಿ ನಿಂತರೂ ಅಲ್ಲೇ ನಿಧಿ! ಸಂಜೆಯ ಹೊತ್ತಿಗೆ ಹಿತ್ತಲಿನಲ್ಲಿ ಹನ್ನೊಂದು ಗುಂಡಿ. ಸಿಕ್ಕದ್ದು ಒಂದು ಎರೆಹುಳ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನಮ್ಮ ಯಜಮಾನರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಬಹಳ ಹೊತ್ತು ನೋಡಿ ಕೇಳಿದರು.

"ನಿನ್ನ ಕಾಲಾಗ ಏನೈತಿ?"

"ಚಪ್ಪಲಿ."

"ಬೆರಳಾಗ?"

ಬಗ್ಗಿ ನೋಡಿಕೊಂಡೆ. ಬೆಳ್ಳಿಯ ಕಾಲುಂಗುರ! ಬಿಲ್ಲೆಯನ್ನು ಪಾದದ ಹತ್ತಿರವೇ ಆಡಿಸುತ್ತ, ಇಡೀ ಮಧ್ಯಾಹ್ನ ನನ್ನ ಕಾಲುಂಗುರವನ್ನೇ ಪತ್ತೆ ಹಚ್ಚಿದ್ದೆ. ವಿಜ್ಞಾನದ ಅಕ್ಕಾರಿಗೆ ಎಷ್ಟು ನಾಚಿಕೆಯಾಗಿರಬೇಡ! ಅಲ್ಲೇ ಕೂತು ಅವನ್ನು ತೆಗೆಯಲು ಬಗ್ಗಿದೆ.

ಯಜಮಾನರು ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತರು. "ಏ, ಏನ್ ಮಾಡಾಕತ್ತಿ? ಕೋಲು ಉದ್ದ ಮಾಡ್ಕೋ, ಇಲ್ಲಾ ಮಷೀನ್ ಬೀದಿಗೆ ಒಗಿ. ಕಾಲುಂಗುರ ತಗೀಬ್ಯಾಡ. ನಾ ಇನ್ನೂ ಇದ್ದೇನಿ!"

೨. ಸುಳ್ಳದ ನೀರು

ಹನ್ನೊಂದು ಗುಂಡಿಯ ಸುದ್ದಿ ಊರಿಂದೂರಿಗೆ ಹೋಯಿತು. ಒಂದು ದಿನ ಹುಬ್ಬಳ್ಳಿ ಹತ್ತಿರದ ಸುಳ್ಳ ಅನ್ನುವ ಹಳ್ಳಿಯಿಂದ ಒಬ್ಬ ರೈತರು ತೆಂಗಿನಕಾಯಿ ಹಿಡಿದುಕೊಂಡು ಬಂದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ.

"ಅಕ್ಕಾರ, ಬೋರ್ ಹೊಡಸಾವ ಇದ್ದೇನ್ರಿ. ನಿಮ್ಮ ಮಷೀನ್ ತಂದು ನೀರು ಎಲ್ಲೈತಿ ತೋರಸ್ರಿ."

"ಇದಕ್ಕ ನೀರು ಗೊತ್ತಾಗೂದಿಲ್ರಿ, ಕಬ್ಬಿಣ, ಬೆಳ್ಳಿ, ಬಂಗಾರ ಅಷ್ಟ."

"ಬಂಗಾರ ತೋರಸೂದಕ್ಕ ನೀರು ಯಾವ ಲೆಕ್ಕರಿ!"

ಹೇಳಿ ಹೇಳಿ ಸಾಕಾಗಿ ಹೋದೆ. ಹೊಲದ ತುಂಬ ಟ್ರ್ಯಾಕ್ಟರಿನ ಬೋಲ್ಟು, ಎತ್ತಿನ ಲಾಳ. ಹಾಗಾಗಿ ಕುಂಯ್ ಕುಂಯ್ ನಿಲ್ಲಲೇ ಇಲ್ಲ. ಬದುವಿನ ಮೂಲೆಗೆ ಬಂದಾಗ ಮಾತ್ರ ಯಂತ್ರ ಗಪ್ಪಾಯಿತು. ಅವರು ತಕ್ಷಣ ಅಲ್ಲಿ ಕಲ್ಲು ಇಟ್ಟು ತೆಂಗಿನಕಾಯಿ ಒಡೆದರು.

"ಇಲ್ಲಿ ಏನೂ ಇಲ್ಲ ಅಂತ ಅರ್ಥರಿ," ಎಂದೆ.

"ಹೌದ್ರಿ. ನೀರಾಗ ಕಬ್ಬಿಣ ತುಕ್ಕ ಹಿಡೀತೈತಿ. ಅಂದ ಮ್ಯಾಲ ಕಬ್ಬಿಣ ಇಲ್ಲದಲ್ಲೆ ನೀರೈತಿ. ನೀವ ಕಲಿಸೀರಂತಲ್ರಿ ನನ್ನ ಮಗಳಿಗೆ!"

ನನ್ನ ಪಾಠ ಎಲ್ಲಿ ತಪ್ಪಿತು ಅಂತ ಯೋಚಿಸುತ್ತ ಮನೆಗೆ ಬಂದೆ. ಹತ್ತು ದಿನಕ್ಕೆ ಅಲ್ಲೇ ಬೋರ್ ಹೊಡೆಸಿದರು. ನೀರು ಬಿತ್ತು! ಒಂದು ಚೀಲ ಒಣಮೆಣಸಿನಕಾಯಿಯೂ ನಮ್ಮ ಮನೆಗೆ ಬಂತು. ಮರುವಾರ ಅದೇ ಊರಿನ ಮೂವರು ಬಾಗಿಲಲ್ಲಿ ನಿಂತಿದ್ದರು. ನಾನು ಕೈ ಮುಗಿದು, "ಖರೇ ಹೇಳ್ತೇನ್ರಿ, ಈ ಮಷೀನಿಗೆ ನೀರು ಗೊತ್ತಾಗೂದಿಲ್ಲ," ಎಂದೆ.

ಅವರಲ್ಲಿ ಹಿರಿಯರು ಅಷ್ಟೇ ವಿನಯದಿಂದ ಕೈ ಮುಗಿದರು. "ಗೊತ್ತೈತ್ರಿ ಅಕ್ಕಾರ. ಅವಗೂ ಹಂಗ ಹೇಳಿದ್ರಂತ, ಆಮ್ಯಾಲ ನೀರು ಬಿತ್ತಂತ. ನಮ್ಮ ಹೊಲಕ್ಕೂ ಬಂದು ಅಷ್ಟ ಹೇಳಿ ಹೋಗ್ರಿ."

೩. ಕಿಟಕಿ ಪಕ್ಕದ ಸೀಟು

ಕಡೆಗೂ ಒಂದು ರವಿವಾರ ಕಾರವಾರಕ್ಕೆ ಹೊರಟೆವು. ಹುಬ್ಬಳ್ಳಿಯಲ್ಲಿ ಹತ್ತಿದ ಬಸ್ಸು ಹೊರಡುವ ಮೊದಲೇ ತುಂಬಿ ತುಳುಕುತ್ತಿತ್ತು. ಇಬ್ಬರೂ ಕಂಬಿ ಹಿಡಿದು ನಿಂತೆವು. ಕಂಡಕ್ಟರ್ ಕೋಲು ನೋಡಿ, "ಇದೇನ್ರಿ ಬಾಯಾರ?" ಎಂದ.

"ಮೆಟಲ್ ಡಿಟೆಕ್ಟರ್ರಿ."

ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದಳು. "ಬಾಂಬ್ ಹುಡಕೂದೇನ?"

ಆ ಒಂದು ಮಾತು ಹಿಂದಿನ ಸೀಟು ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿ ಬಾಂಬ್ ಇದೆ ಅಂತಾಗಿತ್ತು. "ಏನಿಲ್ರಿ, ಸುಮ್ನ ಕೂಡ್ರಿ," ಎಂದು ಕೂಗಿದೆ.

"ನೋಡದ ಹೆಂಗ ಹೇಳ್ತೀರಿ?" ಎಂದರು ಒಬ್ಬರು.

ಮಾತು ನ್ಯಾಯವಾಗಿಯೇ ಇತ್ತು. ಸಮಾಧಾನವಾಗಲಿ ಅಂತ ಯಂತ್ರ ಚಾಲೂ ಮಾಡಿದೆ. ಬಸ್ಸು ಪೂರ್ತಿ ಕಬ್ಬಿಣದ್ದು ಅನ್ನುವುದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ. ಯಂತ್ರ ಒಂದೇ ಸಮನೆ ಕುಂಯ್ಯೋ ಎಂದು ಅರಚಿಕೊಂಡಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಜನ ದಡದಡ ಇಳಿದು ಹೋದರು. ಕಂಡಕ್ಟರ್ ಎಲ್ಲರಿಗಿಂತ ಮುಂದೆ.

ನಾನು ಕೋಲು ಹಿಡಿದು ಬಾಗಿಲ ಕಡೆ ನೋಡುತ್ತ ನಿಂತೆ. ಯಜಮಾನರು ಮಾತ್ರ ಟಾವೆಲ್ ಹಾಸುತ್ತ, "ಏನ್ ನೋಡ್ತಿ? ಲಗೂ ಬಾ, ಕಿಡಕಿ ಸೀಟು ಖಾಲಿ ಆಗೈತಿ," ಎಂದರು.

೪. ಮಾವನ ಮೊಣಕಾಲು

ಕಾರವಾರದ ದಂಡೆಯಲ್ಲಿ ಮೊದಲ ಒಂದು ತಾಸು ಸೋಡಾ ಬಾಟ್ಲಿಯ ಮುಚ್ಚಳಗಳೇ ಸಿಕ್ಕವು. ಅಷ್ಟರಲ್ಲಿ ಒಬ್ಬ ತರುಣ ಓಡಿಬಂದ. ನಮ್ಮ ಕಡೆಯವನೇ, ಹುಬ್ಬಳ್ಳಿ ಪಕ್ಕದ ಅಮರಗೋಳದವನು. ಮದುವೆಯಾಗಿ ಹದಿನೈದು ದಿನ. ಹೆಂಡತಿ ಮತ್ತು ಮಾವನ ಜೊತೆ ಸಮುದ್ರ ನೋಡಲು ಬಂದಿದ್ದ. ಮಾವ ಮದುವೆಯಲ್ಲಿ ಹಾಕಿದ ಉಂಗುರ ಅವನ ಕೈಯಲ್ಲಿರಲಿಲ್ಲ.

"ನೀರು ಮ್ಯಾಲ ಬರಾಕತ್ತೈತ್ರಿ ಅಕ್ಕಾರ, ಲಗೂ ನೋಡ್ರಿ," ಎಂದ. ಹುಡುಗಿ ಆಗಲೇ ಅಳುತ್ತಿದ್ದಳು. ಮಾವ ಮೊಣಕಾಲವರೆಗೆ ಮಡಚಿದ ಪ್ಯಾಂಟಿನಲ್ಲಿ, ಕಾಲು ಚಾಚಿ, ಮರಳಿನ ಮೇಲೆ ಕೂತಿದ್ದರು.

ಸುತ್ತ ಎಲ್ಲ ನೋಡುತ್ತ ಅವರ ಹತ್ತಿರ ಬಂದೆ. ಕುಂಯ್!

"ಕಾಕಾ, ಸ್ವಲ್ಪ ಸರೀರಿ."

ಅವರು ಪಕ್ಕಕ್ಕೆ ಸರಿದರು. ಕೂತಿದ್ದ ಜಾಗದಲ್ಲಿ ಯಂತ್ರ ಗಪ್ಪು. ಅವರು ಸರಿದಲ್ಲಿ ಕುಂಯ್. ಮತ್ತೆ ಸರಿಸಿದೆ. ಕುಂಯ್ ಅವರ ಜೊತೆಗೇ ಹೋಯಿತು.

ಅಳಿಯ ಮಾವನನ್ನು ನೋಡಿದ. ಮಗಳು ಅಳು ನಿಲ್ಲಿಸಿ ಅಪ್ಪನನ್ನು ನೋಡಿದಳು. ಜೇಬು ತೋರಿಸಿ ಅಂತ ಅಳಿಯ ಕೇಳುವ ಹಾಗಿಲ್ಲ, ತೋರಿಸುತ್ತೇನೆ ಅಂತ ಮಾವ ಹೇಳುವ ಹಾಗಿಲ್ಲ. ಬೆಂಕಿ ಹಚ್ಚಿದವಳ ಹಾಗೆ ನಡುವೆ ನಾನು ಕೋಲು ಹಿಡಿದು ನಿಂತಿದ್ದೆ.

ಮಾವನ ಮುಖ ಕೆಂಪಾಯಿತು. ತಾವೇ ಜೇಬು ಹೊರಗೆಳೆದರು. ಒಂದು ಕರವಸ್ತ್ರ, ಎಲೆಅಡಿಕೆ ಚೀಲ. ಆಮೇಲೆ ಏನೋ ನೆನಪಾಗಿ ಹಣೆ ಬಡಿದುಕೊಂಡರು.

"ಮೊಣಕಾಲ್ರಿ! ಹೋದ ವರ್ಷ ಸತ್ತೂರ ದವಾಖಾನ್ಯಾಗ ಆಪರೇಶನ್ ಆಗೈತಿ. ಒಳಗ ಸ್ಟೀಲ್ ಐತ್ರಿ!"

ಎಲ್ಲರೂ ಉಸಿರು ಬಿಟ್ಟೆವು. ಅಳಿಯ ಅವರ ಕಾಲು ಹಿಡಿಯುವುದೊಂದು ಬಾಕಿ. ಆದರೆ ನನ್ನ ಮಾಸ್ತರಿಕೆ ಬುದ್ಧಿ ಸುಮ್ಮನಿರಲಿಲ್ಲ.

"ಯಾವ ಕಾಲ್ರಿ?"

"ಬಲಗಾಲು."

ಬಿಲ್ಲೆಯನ್ನು ಬಲಗಾಲಿಗೆ ಹಿಡಿದೆ. ಕುಂಯ್. ಎಡಗಾಲಿಗೆ ಹಿಡಿದೆ. ಅಲ್ಲೂ ಕುಂಯ್.

ಮತ್ತೆ ಎಲ್ಲರ ಮುಖ ಬಿಗಿಯಿತು. ಮಗಳು ಮೆಲ್ಲಗೆ ಮುಂದೆ ಬಂದು ಅಪ್ಪನ ಎಡಗಾಲಿನ ಪ್ಯಾಂಟಿನ ಮಡಿಕೆ ಬಿಚ್ಚಿದಳು. ಒಂದು ಹಿಡಿ ಮರಳಿನ ಜೊತೆ ಉಂಗುರ ಟಪ್ಪಂತ ಕೆಳಗೆ ಬಿತ್ತು.

ಹುಡುಗಿ ಗಂಡನ ಕಡೆ ತಿರುಗಿದಳು. "ಅಪ್ಪಾಗ ಬಗ್ಗಾಕ ಆಗೂದಿಲ್ಲ ಅಂತ ನೀವ ತೊಯ್ದ ಕೈಲೆ ಪ್ಯಾಂಟ್ ಮಡಚಿದ್ರಲ್ರಿ, ಆವಾಗ ಜಾರೈತಿ!"

ಮಾವ ಉಂಗುರ ಎತ್ತಿಕೊಂಡು, ಮರಳು ಒರೆಸಿ, ಅಳಿಯನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಳಿಯಾರ, ಬ್ಯಾಡಾಗಿದ್ರ ಕೈಯಾಗ ಕೊಡಬೇಕಿತ್ರಿ. ಹಿಂಗ ಪ್ಯಾಂಟಿನ್ಯಾಗ ವಾಪಸ್ ಹಾಕೂದೇನ್ರಿ?"