ಅಜ್ಜ-ಅಜ್ಜಿಯರಿಗೆ ಗೇಟಿನ ತನಕ ಮಾತ್ರ

ಶಾಲೆ ಅಂದಮೇಲೆ ಅಜ್ಜ-ಅಜ್ಜಿಯರ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ತಪ್ಪಿಸಲು ನಾವು ಹೂಡಿದ ಒಂದೊಂದು ಉಪಾಯವೂ ಇನ್ನೊಂದು ಪ್ರಸಂಗಕ್ಕೆ ದಾರಿ ಮಾಡಿಕೊಟ್ಟಿದೆ. ಪೀರನವಾಡಿಯ ಒಂದು ಪುಟ್ಟ ಶಾಲೆಯಲ್ಲಿ ನಾನು ಒಂಬತ್ತು ವರ್ಷಗಳಿಂದ ಎಲ್‌ಕೆಜಿ ಮಕ್ಕಳಿಗೆ ಕಲಿಸುತ್ತಿದ್ದೇನೆ. ಮನೆ ಖಾನಾಪುರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಹೊಸ ಮಕ್ಕಳು ಒಂದು ವಾರ ಅತ್ತು ಸುಮ್ಮನಾಗುತ್ತಾರೆ. ಅವರ ಅಜ್ಜ-ಅಜ್ಜಿಯರು ಸುಮ್ಮನಾಗಲು ದೀಪಾವಳಿಯೇ ಬರಬೇಕು. ಅದಕ್ಕೇ ನಮ್ಮ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ 'ದೊಡ್ಡ ಅಕ್ಕೋರು', ಒಂದು ನಿಯಮ ಮಾಡಿದರು: ಮಗುವನ್ನು ಗೇಟಿನಲ್ಲಿ ಬಿಡಬೇಕು, ತಿರುಗಿ ನೋಡದೆ ಹೋಗಬೇಕು.

ಈ ನಿಯಮವನ್ನು ಊರಿಗೆಲ್ಲ ಹೇಳುವ ಕೆಲಸ ನನ್ನದು. ಈ ಜೂನ್‌ನಲ್ಲಿ ಅದನ್ನು ನನ್ನ ಮನೆಯಲ್ಲೇ ಹೇಳಬೇಕಾಗಿ ಬಂತು. ಮಗಳು ಆರು ತಿಂಗಳ ಕೂಸಿದ್ದಾಗ ಅತ್ತೆಯ ಮಡಿಲಿಗೆ ಹಾಕಿ ನಾನು ಕೆಲಸಕ್ಕೆ ಮರಳಿದ್ದೆ. ಹೋದ ವರ್ಷವೇ ಅವಳನ್ನು ಶಾಲೆಗೆ ಸೇರಿಸಬೇಕಿತ್ತು. "ಇನ್ನೊಂದ ವರ್ಷ ಇರಲಿ, ಏನ ಅವಸರ ಐತಿ?" ಎಂದು ಅತ್ತೆ ತಡೆದರು. ಈ ವರ್ಷವೂ ತಡೆದರೆ ಏನು ಗತಿ ಎಂಬ ಭಯ ನನಗಿತ್ತು. ಮಗಳನ್ನು ಸಾಕಿಕೊಟ್ಟವರ ಮೇಲೆ ಜೋರು ಮಾಡಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಹೋದ ವರ್ಷವೆಲ್ಲ ಶಾಲೆಯ ಪ್ರಸಂಗಗಳನ್ನು ಮನೆಯಲ್ಲಿ ಹೇಳಿ ಹೇಳಿ ಅತ್ತೆಯನ್ನು ಹದ ಮಾಡಲು ನೋಡಿದೆ.

ಗೋಡೆಯ ಆಚೆ

ಗೇಟು ಹಾಕಿದ ಮೇಲೆ ಒಬ್ಬ ಅಜ್ಜ ಸ್ಕೂಟರನ್ನು ಕಾಂಪೌಂಡಿಗೆ ಒತ್ತಿ ನಿಲ್ಲಿಸಿ, ಸೀಟಿನ ಮೇಲೆ ಹತ್ತಿ, ಗೋಡೆಯ ಮೇಲಿಂದ, ಅಂಗಳದಲ್ಲಿ ಉಣ್ಣಲು ಕುಳಿತ ಮೊಮ್ಮಗನ ಡಬ್ಬಿ ನೋಡುತ್ತಿದ್ದರು.

"ಅಜ್ಜಾರ, ಇಳೀರಿ! ಒಳಗ ಬರಬಾರದಂತ ಹೇಳೇವಲ್ರಿ?"

"ನಾ ಎಲ್ಲಿ ಒಳಗ ಬಂದೀನ್ರಿ ಅಕ್ಕೋರ? ಗೋಡಿ ಹೊರಗ ಅದೀನಿ."

ಮರುದಿನ ಅದೇ ಸೀಟಿಗೆ ಮೂವರು ಅಜ್ಜಂದಿರ ಪಾಳಿ. "ಸಾಕ ಇಳೀರಿ, ನಮ್ಮ ಹುಡುಗಿ ಡಬ್ಬಿ ತಗಿಯೂ ಹೊತ್ತಾತು" ಎಂದು ಕೆಳಗಿನಿಂದ ಒಬ್ಬರ ಅವಸರ. ದೊಡ್ಡ ಅಕ್ಕೋರು ಬೈಯಲೆಂದೇ ಸೆರಗು ಬಿಗಿದು ಹೊರಗೆ ಹೋದರು. ಐದು ನಿಮಿಷಕ್ಕೆ ಮರಳಿ ಬಂದು ನನ್ನ ಕಿವಿಯಲ್ಲಿ, "ಆ ನೀಲಿ ಡಬ್ಬಿ ಹುಡುಗ ಚಪಾತಿ ತಿಂದು ಪಲ್ಯ ಬಿಟ್ಟಾನಂತ. ಸ್ವಲ್ಪ ತಿನಸ್ರಿ" ಎಂದರು.

ನಕ್ಕಾರು ಎಂದುಕೊಂಡು ಸಂಜೆ ಇದನ್ನು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. "ಪಲ್ಯ ತಿಂತೋ ಇಲ್ಲೋ, ಅದನ್ನ ಹೇಳ" ಎಂದರು.

ಬೈಸಿಕೊಳ್ಳಲು ಬಂದವರು

ಪಾಲಕರ ಸಭೆಗೆ ತಂದೆ-ತಾಯಿ ಇಬ್ಬರೂ ತಪ್ಪದೆ ಬರಬೇಕೆಂದು ಚೀಟಿ ಕಳಿಸಿದ್ದೆವು. ಒಬ್ಬ ಹುಡುಗನ ಕಡೆಯಿಂದ ಬಂದವರು ಅವನ ದಾದಿ, ಅಂದರೆ ತಂದೆಯ ತಾಯಿ. ಹಿಂದೆ ಅವರ ಯಜಮಾನರು.

"ಹುಡುಗನ ಅಪ್ಪ-ಅವ್ವ ಎಲ್ಲಿ ಅದಾರ್ರಿ?"

"ಮಗ ಗ್ಯಾರೇಜಿಗೆ ಹೋಗ್ಯಾನ, ಸೊಸಿ ದವಾಖಾನಿ ಡ್ಯೂಟಿಗೆ. ಹುಡುಗನ್ನ ನೋಡ್ಕೊಳ್ಳಾವ್ರು ನಾವು. ಬೈಸ್ಕೊಳ್ಳಾಕ ಅವರ್ಯಾಕ ಬೇಕ್ರಿ? ನಮಗ ಬೈರಿ."

ಬೈಯುವಂಥದ್ದೇನೂ ಇರಲಿಲ್ಲ. ಊಟಕ್ಕೆ ಕುಳಿತರೆ ಹುಡುಗ ಮೊಬೈಲ್ ಕೇಳುತ್ತಾನೆ, ಆ ಚಟ ಬಿಡಿಸಿ ಎಂದಷ್ಟೇ ಹೇಳಿದೆ.

ದಾದಿ ಖುಷಿಯಾದರು. "ಅವನ ಅಪ್ಪಗೂ ಇದ ಚಟ ಐತ್ರಿ. ನಾವು ಹೇಳಿದ್ರ ಕೇಳಂಗಿಲ್ಲ. ನೀವ ಒಂದ ಚೀಟಿ ಬರದ ಕೊಡ್ರಿ" ಎಂದರು.

ಬರೆದುಕೊಟ್ಟೆ. ಮರುದಿನ ಹುಡುಗನ ಡೈರಿಯಲ್ಲಿ ಅವನ ಅಪ್ಪನ ಕೈಬರಹವಿತ್ತು: "ಇನ್ನು ಮುಂದೆ ಊಟ ಮಾಡುವಾಗ ಮೊಬೈಲ್ ನೋಡುವುದಿಲ್ಲ." ಕೆಳಗೆ, ಪಾಲಕರ ಸಹಿ ಇರಬೇಕಾದ ಜಾಗದಲ್ಲಿ, ದಾದಿಯ ಸಹಿ.

ನಂದಗಡದ ಆಕಳು

ಆಕಳಿನ ಚಿತ್ರ ಬರೆದು ತನ್ನಿ ಎಂದು ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೆ. ಒಬ್ಬಳು ತಂದ ಆಕಳಿಗೆ ಕೆಚ್ಚಲು, ಗೊರಸು, ಮೂಗುದಾರ, ಕೊರಳಗಂಟೆ ಎಲ್ಲ ಇದ್ದವು. ಪೆನ್ಸಿಲ್ ಹಿಡಿಯಲೂ ಬಾರದ ಕೂಸದು. ಯಾರ ಕೈವಾಡ ಎಂದು ತಿಳಿದರೂ ಮನಸ್ಸು ನೋಯಬಾರದೆಂದು ನಾಲ್ಕು ಸ್ಟಾರ್ ಹಾಕಿದೆ.

ಮರುದಿನ ನಂದಗಡದಿಂದ ಮಗನ ಮನೆಗೆ ಬಂದಿದ್ದ ಆಕೆಯ ಅಜ್ಜ ಪುಸ್ತಕ ಹಿಡಿದು ಗೇಟಿನಲ್ಲಿ ನಿಂತಿದ್ದರು.

"ಅಕ್ಕೋರ, ಬಾಜೂ ಮನಿ ಹುಡುಗಗ ಐದ ಸ್ಟಾರ್ ಕೊಟ್ಟೀರಿ. ಅವನ ಆಕಳಕ್ಕ ಮೂರ ಕಾಲ ಅದಾವು."

"ಅದನ್ನ ಅವನ ಬರದಾನ್ರಿ ಅಜ್ಜಾರ. ಇದನ್ನ ನೀವು ಬರದೀರಿ."

ಅಜ್ಜ ಅದನ್ನು ಅಲ್ಲಗಳೆಯಲೇ ಇಲ್ಲ. "ಬಾಲ ಗಿಡ್ಡ ಆತಂತ ಒಂದ ಸ್ಟಾರ್ ಕಡಿಮಿ ಮಾಡಿದ್ರ ಮಾತ್ರ ನಾ ಒಪ್ಪಂಗಿಲ್ರಿ. ನಮ್ಮ ಆಕಳದ್ದ ಬಾಲ ಅಷ್ಟ ಐತಿ. ಬೇಕಾದ್ರ ಬಂದ ನೋಡ್ರಿ."

ನಮ್ಮ ಮನೆಯ ಸರದಿ

ಈ ಜೂನ್‌ನಲ್ಲಿ ಶಾಲೆ ಶುರುವಾದ ದಿನ ಅತ್ತೆ ನಮಗಿಂತ ಮೊದಲೇ ತಯಾರಾಗಿ, ಕೈಯಲ್ಲಿ ಚೀಲ ಹಿಡಿದು, ಚಪ್ಪಲಿ ಮೆಟ್ಟಿ ನಿಂತಿದ್ದರು. ಬರುತ್ತೇನೆಂದು ಹೇಳಿಯೇ ಇರಲಿಲ್ಲ. ಬಸ್ಸಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತು ತೆಗೆದರು.

"ನೋಡ ತಂಗಿ, ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಅಕಿ ಅತ್ತರ ಹೊಳ್ಳಿ ಮನಿಗೆ ಕರ್ಕೊಂಡ ಹೋಗಾಕಿ. ಸಾಲಿ ಮುಂದಿನ ವರ್ಷ." ಆಮೇಲೆ ಮೊಮ್ಮಗಳ ಗಲ್ಲ ಹಿಡಿದು, "ಕೇಳಿದಿ ಇಲ್ಲ ಕೂಸ? ಅತ್ತವರು ಮನಿಗೆ ಹೋಗೂದು" ಎಂದರು.

"ಹ್ಞೂಂ ಆಯಿ" ಎಂದಳು ಮಗಳು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ.

ನಾನೂ ಹ್ಞೂಂ ಅಂದೆ. ಮೊದಲ ದಿನ ಅಳದ ಮಗುವನ್ನು ಒಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ. ಅತ್ತೆಗೂ ಅದು ಗೊತ್ತಿತ್ತು, ನಾನೇ ಹೇಳಿದ್ದೆನಲ್ಲ! ಇನ್ನೂ ಒಂದು ವರ್ಷ ಕಳೆಯಿತೆಂದೇ ಲೆಕ್ಕ ಹಾಕಿಕೊಂಡೆ.

ಗೇಟಿನಲ್ಲಿ ಇಪ್ಪತ್ತು ಮಕ್ಕಳು ತಾರಕದಲ್ಲಿ ಅಳುತ್ತಿದ್ದವು. ನನ್ನ ಮಗಳು ಅವರನ್ನೆಲ್ಲ ಒಂದು ಸುತ್ತು ನೋಡಿದಳು. ಆಯಿಯ ಹೆಗಲಿನಿಂದ ತನ್ನ ಶಾಲೆಯ ಬ್ಯಾಗು ಇಸಿದುಕೊಂಡು ನೆಟ್ಟಗೆ ಒಳಗೆ ನಡೆದಳು. ತಿರುಗಿ ನೋಡಲಿಲ್ಲ.

ಗೆದ್ದೆ ಎಂದು ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಅತ್ತೆ ಗೇಟಿನ ಮೆಟ್ಟಿಲ ಮೇಲೆ ಕುಸಿದು ಕುಳಿತರು.

"ಅಳಲೇ ಇಲ್ಲಲ್ಲ ಅಕಿ! ಹೊಳ್ಳಿ ಸುದ್ದಾ ನೋಡ್ಲಿಲ್ಲ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕತೊಡಗಿದರು.

ನನ್ನ ಖುಷಿಯೆಲ್ಲ ಇಳಿದುಹೋಯಿತು. ಮೂರೂವರೆ ವರ್ಷ ಆ ಕೂಸನ್ನು ಸೊಂಟದಿಂದ ಇಳಿಸದ ಜೀವ ಅದು. ಪಕ್ಕದಲ್ಲಿ ಕುಳಿತು, "ನಿಮ್ಮ ಕೈಯಾಗ ಬೆಳದಾಳ್ರಿ ಅತ್ತಿ, ಅದಕ್ಕ ಅಷ್ಟ ಧೈರ್ಯ ಐತಿ" ಎಂದೆ. ಸಮಾಧಾನವಾಗಲೆಂದು ಹೇಳಿದ ಮಾತಿಗೆ ಅಳು ಇಮ್ಮಡಿಯಾಯಿತು. ಅದನ್ನು ಕೇಳಿ, ಒಳಗೆ ಸುಮ್ಮನಾಗಿದ್ದ ಮಕ್ಕಳೂ ಮತ್ತೆ ಶುರು ಮಾಡಿದವು.

ದೊಡ್ಡ ಅಕ್ಕೋರು ಓಡಿ ಬಂದರು. "ಯಾರ ಕೂಸ ಅದು, ಇಷ್ಟ ಜೋರ ಅಳಾಕತ್ತಿದ್ದು?"

"ಕೂಸಲ್ರಿ, ನಮ್ಮ ಅತ್ತಿ" ಎಂದೆ.

ಅವರ ಹಿಂದೆಯೇ ನನ್ನ ಮಗಳೂ ಬಂದಳು. ಈಗ ಇವಳೂ ಅಳುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ತನ್ನ ಫ್ರಾಕಿನ ಅಂಚಿನಿಂದ ಆಯಿಯ ಕಣ್ಣು ಒರೆಸಿದಳು, ಮೂಗೂ ಒರೆಸಿದಳು. ಆಮೇಲೆ ನೆಲದ ಮೇಲಿದ್ದ ಆಯಿಯ ಚೀಲವನ್ನು ಎತ್ತಿ ಅವರ ಕೈಗೆ ಕೊಟ್ಟಳು.

"ಆಯಿ, ನೀ ಅತ್ತಬಿಟ್ಟಿ. ಇನ್ನ ಮನಿಗೆ ನಡಿ. ಮುಂದಿನ ವರ್ಷ ಬರೂವಂತಿ."