ನನ್ನ ಖಾನಾವಳಿಯ ರಟ್ಟಿನ ರೊಕ್ಕ

"ಸಾಲಿ ಕಟ್ಟಿ ಹತ್ತದಾಕಿ ಖಾನಾವಳಿ ನಡಸ್ತಾಳಂತ! ಆರು ತಿಂಗಳದಾಗ ಬಾಗಲಾ ಹಾಕ್ತಾಳ ನೋಡ್ರಿ" ಎಂದು ನಮ್ಮ ಭಾವ ಬನಹಟ್ಟಿ ತುಂಬ ಹೇಳಿಕೊಂಡು ಬಂದಿದ್ದರು. ನಾನು ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವಳು, ಹಿಡಿದದ್ದು ಬಿಡುವವಳಲ್ಲ. ಗಲ್ಲಾದ ಮುಂದೆ ಕೂತರೆ ಸಾಕು, ನಗುವ ಪ್ರಸಂಗಗಳು ಊಟಕ್ಕೆ ಬರುವವರ ಜೊತೆಗೇ ಒಳಗೆ ಬರುತ್ತವೆ.

ಪೆಪ್ಪರಮೆಂಟು

ಖಾನಾವಳಿ ತೆರೆದ ವರ್ಷ ಊರಲ್ಲಿ ಚಿಲ್ಲರೆಯೇ ಇಲ್ಲ. ಎಂಟಾಣೆ ವಾಪಸು ಕೊಡಬೇಕಾದಾಗ ಪೆಪ್ಪರಮೆಂಟು ಕೊಡುತ್ತಿದ್ದೆ. ಒಂದು ದಿನ ಮಾಸ್ತರೊಬ್ಬರು ಊಟ ಮುಗಿಸಿ, ಕಿಸೆಯಿಂದ ಒಂದು ಮುಷ್ಟಿ ಪೆಪ್ಪರಮೆಂಟು ತೆಗೆದು ಗಲ್ಲಾದ ಮೇಲೆ ಸುರಿದರು.

"ಇದೇನ್ರಿ?"

"ನೀವ ಕೊಟ್ಟ ರೊಕ್ಕರೀ ಅಕ್ಕಾರ. ಇವತ್ತಿನ ಊಟದ್ದು ಮುರಕೋರಿ."

ನ್ಯಾಯದ ಮಾತು. ತೆಗೆದುಕೊಂಡೆ. ಒಂದನ್ನು ಮಾತ್ರ ತಿರುಗಿ ಕೊಟ್ಟೆ. ಅದನ್ನು ಅರ್ಧ ಚೀಪಿ ಮತ್ತೆ ಕಾಗದ ಸುತ್ತಿದ್ದರು.

ದೇವರ ಪಾಲು

ಆಮೇಲೆ ಸೀರೆ ಪೆಟ್ಟಿಗೆಯ ರಟ್ಟು ಕತ್ತರಿಸಿ, ಎಂಟಾಣೆ ಎಂದು ಬರೆದು, ಸಹಿ ಹಾಕಿ ಕೊಡತೊಡಗಿದೆ. ನಾಲ್ಕು ಚೀಟಿಗೆ ಒಂದು ಊಟ. ಕ್ಷೌರದ ಅಂಗಡಿಯಲ್ಲೂ ಅದು ನಡೆಯಿತು, ಪಾನಪಟ್ಟಿ ಅಂಗಡಿಯಲ್ಲೂ ನಡೆಯಿತು. ನನ್ನ ಸಹಿ ನನಗಿಂತ ಹೆಚ್ಚು ಊರು ತಿರುಗಿತು. ಕಡೆಗೆ ಗುಡಿಯ ಪೂಜಾರಿ ಬಂದರು.

"ಹುಂಡಿಯೊಳಗ ನಿಮ್ಮ ಹನ್ನೆರಡು ಚೀಟಿ ಬಿದ್ದಾವ್ರಿ ಅಕ್ಕಾರ."

"ಮತ್ತ ದೇವರು ಊಟಕ್ಕ ಬರ್ತಾನೇನ್ರಿ?"

"ಅವ ಎಲ್ಲಿ ಬರ್ತಾನ್ರಿ ಪೂಜಿ ಬಿಟ್ಟು? ಅವನ ಪಾಲಿಂದು ನಾ ಉಣ್ತೀನಿ. ಚಟ್ನಿಗೆ ಬಳ್ಳೊಳ್ಳಿ ಮಾತ್ರ ಜಾಸ್ತಿ ಹಾಕ್ರಿ. ಅವಗ ಹೇಳಬ್ಯಾಡ್ರಿ."

ಬೀಗ

ಮುಧೋಳದಲ್ಲಿ ತಂಗಿಯ ಮಗಳ ಮದುವೆ. ಒಂದು ದಿನ ಬೀಗ ಹಾಕಿ ಹೋದೆ, ಯಾರಿಗೂ ಹೇಳಿರಲಿಲ್ಲ. ಮರುದಿನ ಬಂದರೆ ಬಾಗಿಲಲ್ಲಿ ಅರ್ಧ ಊರು, ಎಲ್ಲರ ಕೈಯಲ್ಲೂ ನನ್ನ ರಟ್ಟು. ನಾನು ಓಡಿಹೋದೆನೆಂದು ಸುದ್ದಿ ಎದ್ದಿತ್ತು. ಅವತ್ತು ನಾನು ಒಂದೇ ಒಂದು ಚೀಟಿ ಬೇಡವೆಂದಿದ್ದರೂ ಖಾನಾವಳಿ ಮುಗಿದಂತೆಯೇ. ಜೋಳ ತರಲು ಹೋದರೆ ಅಂಗಡಿಯವನು, "ಚೀಟಿ ಬ್ಯಾಡ್ರಿ, ನಗದು ಕೊಡ್ರಿ" ಎಂದ. ಕೈಯ ಬಂಗಾರದ ಪಾಟ್ಲಿ ಬಿಚ್ಚಿ ಪತ್ತಾರರಿಗೆ ಮಾರಿದೆ. ಜೋಳ ಬೀಸಿಸಿ, ಸಂಜೆಯವರೆಗೂ ರೊಟ್ಟಿ ಬಡಿದು, ಬಂದ ಚೀಟಿಗೆಲ್ಲ ಊಟ ಹಾಕಿದೆ.

ನಾನು ಮುಳುಗುವುದರೊಳಗೆ ಚೀಟಿ ತೀರಿಸಿಬಿಡಬೇಕೆಂದು ಟೇಲರನೊಬ್ಬ ಸಾಲಾಗಿ ಮೂರು ಊಟ ಉಂಡು, ಬೆಂಚಿನ ಮೇಲೆ ಅಂಗಾತ ಬಿದ್ದ.

"ಅಕ್ಕಾರ, ಇನ್ನೂ ನಾಕು ಚೀಟಿ ಉಳದಾವ್ರಿ."

"ನಾಳಿಗೆ ಬಾರೊ ತಮ್ಮಾ."

"ನಾಳಿಗೆ ನೀವು ಇರ್ತೀರೇನ್ರಿ?"

"ನಾ ಇರ್ತೀನಿ. ನೀ ಇರ್ತೀಯೋ ಇಲ್ಲೋ, ಅದನ್ನ ನೋಡ್ಕೊ."

ಇವತ್ತು ಖಾನಾವಳಿ, ಅದರ ಮೇಲಿನ ಎರಡು ಕೋಣೆ, ಹಿಂದಿನ ಹಿತ್ತಲು, ಎಲ್ಲ ನನ್ನ ಹೆಸರಿನಲ್ಲಿವೆ. ಪಾಟ್ಲಿ ಮತ್ತೆ ಮಾಡಿಸಲಾಗಲಿಲ್ಲ. ಕೈಯಲ್ಲಿ ಗಾಜಿನ ಬಳೆಗಳಿವೆ.